ಬೇರಿನ ನೆಂಟರನ್ನು ಬರದ ಹೊಲದಲ್ಲೇ ಪರೀಕ್ಷಿಸಿ: ಬೆಳೆ ಸಂಶೋಧನೆಯ ದಾರಿ ತೀರ್ಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಳೆ ಸಂಶೋಧನೆಯ ಹಣ ಎಲ್ಲಿಗೆ ಹೋಗಬೇಕು, ಯಾವ ಉತ್ಪನ್ನಕ್ಕೆ ಪರವಾನಗಿ ಸಿಗಬೇಕು, ಪ್ರಯೋಗ ಯಾವ ಹೊಲದಲ್ಲಿ ನಡೆಯಬೇಕು ಎಂದು ತೀರ್ಮಾನಿಸುವವರು ನೀವು. ನಾನು ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಎಣಿಸಿ, ಬೀಜಕ್ಕೆ ಲೇಪಿಸಿ, ಆಮೇಲೆ ಗಿಡ ಕಿತ್ತು ಬೇರು ತೊಳೆದು ನೋಡುವ ಕೆಲಸದವಳು. ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ಒಂದು ಮಾತು ಎದೆಯಲ್ಲೇ ಉಳಿದುಬಿಟ್ಟಿದೆ. ಅದನ್ನು ಹೇಳಲು ಈ ಪತ್ರ.

ಬರ, ಬಿಸಿ, ಉಪ್ಪು ಇವನ್ನೆಲ್ಲ ತಾಳಿಕೊಳ್ಳಲು ಧಾನ್ಯದ ಬೆಳೆಗಳಿಗೆ ನೆರವಾಗುವ ಬ್ಯಾಕ್ಟೀರಿಯಾಗಳಿವೆ. ಅವುಗಳನ್ನು ನಾವು ಬಹಳ ಸಲ ಬರವೂ ಇಲ್ಲದ, ಉಪ್ಪೂ ಇಲ್ಲದ ಹೊಲದಲ್ಲಿ ಪರೀಕ್ಷೆ ಮಾಡುತ್ತೇವೆ. ಹೊತ್ತಿಗೆ ಸರಿಯಾಗಿ ನೀರು, ಲೆಕ್ಕಕ್ಕೆ ಸರಿಯಾಗಿ ಗೊಬ್ಬರ, ಕಳೆ ಇಲ್ಲದ ಸಾಲು. ಅಂಥ ಹೊಲದಲ್ಲಿ ಗಿಡಕ್ಕೆ ಯಾರ ನೆರವೂ ಅಷ್ಟಾಗಿ ಬೇಕಿರುವುದಿಲ್ಲ. ಕೊಯ್ಲಾದ ಮೇಲೆ ತೂಕ ಹಾಕಿದರೆ ಸಿಗುವ ವ್ಯತ್ಯಾಸ ಸ್ವಲ್ಪವೇ. "ಅಂಥದ್ದೇನೂ ಇಲ್ಲ" ಎಂದು ಬರೆದು ಕಡತ ಮುಚ್ಚುತ್ತೇವೆ. ಆಪತ್ತಿಗಾದವನೇ ನೆಂಟ ಅಂತೀವಿ. ಈ ನೆಂಟನನ್ನು ಮಾತ್ರ ಆಪತ್ತೇ ಇಲ್ಲದ ದಿನ ಕರೆಸಿ, ಏನೂ ಮಾಡಲಿಲ್ಲ ಎಂದು ಕಳಿಸಿಬಿಡುತ್ತೇವೆ.

ಇದು ಬರೀ ನನ್ನ ಅನಿಸಿಕೆಯಲ್ಲ. 2017ರಲ್ಲಿ ಅನೇಕ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಬಂತು. ಬೇರಿನ ಬ್ಯಾಕ್ಟೀರಿಯಾಗಳಿಂದ ಗಿಡಕ್ಕೆ ಆಗುವ ಲಾಭ ನೀರು ಸಾಕಷ್ಟಿದ್ದಾಗ ಆಗುವುದಕ್ಕಿಂತ ಬರದಲ್ಲೇ ಜಾಸ್ತಿ ಎಂದು ಅದು ತೋರಿಸಿತು. ಹಾಗಿದ್ದ ಮೇಲೆ ಎಲ್ಲಿ ಅಳೆಯಬೇಕು ಅನ್ನುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಈ ನೆರವು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ನನ್ನ ಕೇಳಿಕೆ ಯಾಕೆ ಅಂತ ನಿಮಗೂ ಅರ್ಥವಾಗುತ್ತದೆ.

ಗಿಡ ಒಂಟಿಯಾಗಿ ಬದುಕುವುದಿಲ್ಲ. ಎಲೆಯಲ್ಲಿ ಬಿಸಿಲಿನಿಂದ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅದು ಬೇರಿನಿಂದ ಮಣ್ಣಿಗೆ ಬಿಡುತ್ತದೆ. ನೋಡುವವರಿಗೆ ಇದು ದಂಡ ಅನ್ನಿಸಬಹುದು. ಆದರೆ ಆ ಸಿಹಿಗಾಗಿಯೇ ಬೇರಿನ ಸುತ್ತ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ಬೇರಿಗೆ ಅಂಟಿದ ಈ ತೆಳುವಾದ ಮಣ್ಣಿನ ಪದರಕ್ಕೆ 'ರೈಜೋಸ್ಫಿಯರ್' ಎಂದು ಹೆಸರಿಟ್ಟವರು ಜರ್ಮನಿಯ ಲೊರೆಂಟ್ಸ್ ಹಿಲ್ಟ್ನರ್, 1904ರಲ್ಲಿ. ಗಿಡದ ಆರೋಗ್ಯ ಈ ಪದರದಲ್ಲಿ ಯಾರು ವಾಸವಿದ್ದಾರೆ ಅನ್ನುವುದನ್ನೂ ಅವಲಂಬಿಸಿದೆ ಎಂದು ಅವರು ಆಗಲೇ ಕಂಡಿದ್ದರು.

ಮಣ್ಣು ಒಣಗಲು ಶುರುವಾದಾಗ ಬೇರಿನಲ್ಲಿ ಏನಾಗುತ್ತದೆ ನೋಡಿ. ಗಿಡದೊಳಗೆ ಎಸಿಸಿ ಅನ್ನುವ ಒಂದು ಚಿಕ್ಕ ಅಣು ಜಾಸ್ತಿಯಾಗುತ್ತದೆ. ಅದೇ ಮುಂದೆ ಎಥಿಲೀನ್ ಆಗುತ್ತದೆ. ಹಣ್ಣು ಮಾಗಿಸುವ ಅನಿಲ ಅಂತ ನಾವೆಲ್ಲ ಕೇಳಿರುವ ಎಥಿಲೀನ್ ಗಿಡಕ್ಕೆ ಅಪಾಯದ ಸುದ್ದಿಯೂ ಹೌದು. ಸ್ವಲ್ಪ ಇದ್ದರೆ ಒಳ್ಳೆಯದೇ. ಗಿಡ ಎಚ್ಚರಗೊಳ್ಳುತ್ತದೆ. ಆದರೆ ಅದು ಮಿತಿ ಮೀರಿದರೆ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ, ಎಲೆ ಬೇಗ ಹಳದಿಯಾಗುತ್ತದೆ, ಕಟ್ಟಬೇಕಾದ ಕಾಳು ಕಟ್ಟದೆ ಉಳಿಯುತ್ತದೆ. ನೀರು ಹುಡುಕಿಕೊಂಡು ಬೇರು ಆಳಕ್ಕೆ ಇಳಿಯಬೇಕಾದ ಹೊತ್ತಿನಲ್ಲೇ ಅದು ನಿಂತುಬಿಡುತ್ತದೆ. ಗಿಡವನ್ನು ಬರ ಒಂದು ಕಡೆಯಿಂದ ಬಾಧಿಸಿದರೆ, ಬರಕ್ಕೆ ಗಿಡದ ಗಾಬರಿ ಇನ್ನೊಂದು ಕಡೆಯಿಂದ ಬಾಧಿಸುತ್ತದೆ.

ಇಲ್ಲಿಗೆ ಬ್ಯಾಕ್ಟೀರಿಯಾ ಬರುತ್ತದೆ. ಬೇರಿನಿಂದ ಎಸಿಸಿ ಹೊರಕ್ಕೂ ಜಿನುಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಬಳಿ ಅದನ್ನು ಒಡೆಯುವ ಕಿಣ್ವ ಇದೆ. 1978ರಲ್ಲಿ ಜಪಾನಿನ ಹೊನ್ಮಾ ಮತ್ತು ಶಿಮೊಮುರಾ ಇದನ್ನು ಕಂಡುಹಿಡಿದರು. ಬ್ಯಾಕ್ಟೀರಿಯಾ ಎಸಿಸಿಯನ್ನು ಒಡೆದು, ಅದರಲ್ಲಿನ ಸಾರಜನಕವನ್ನು ತನ್ನ ಆಹಾರ ಮಾಡಿಕೊಳ್ಳುತ್ತದೆ. ಹೊರಗೆ ಎಸಿಸಿ ಕಡಿಮೆಯಾದ ಹಾಗೆ ಒಳಗಿನದು ಇನ್ನಷ್ಟು ಹೊರಗೆ ಬರುತ್ತದೆ. ಒಳಗೆ ಎಥಿಲೀನ್ ತಗ್ಗುತ್ತದೆ, ಬೇರು ಮತ್ತೆ ಬೆಳೆಯುತ್ತದೆ. 1998ರಲ್ಲಿ ಕೆನಡಾದ ಬರ್ನಾರ್ಡ್ ಗ್ಲಿಕ್ ಮತ್ತು ಅವರ ಜೊತೆಗಾರರು ಈ ಸರಪಣಿಯನ್ನು ಒಟ್ಟಾಗಿ ಜೋಡಿಸಿ ವಿವರಿಸಿದರು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಬ್ಯಾಕ್ಟೀರಿಯಾ ಯಾವ ಉಪಕಾರವನ್ನೂ ಮನಸ್ಸಿನಲ್ಲಿಟ್ಟುಕೊಂಡಿಲ್ಲ. ಅದು ಊಟ ಮಾಡುತ್ತಿದೆ ಅಷ್ಟೇ. ಗಿಡಕ್ಕೆ ಅದರಿಂದ ಉಸಿರು ಬರುತ್ತದೆ.

ಈಗ ನೀರು ತುಂಬಿದ, ನೆಮ್ಮದಿಯ ಹೊಲವನ್ನು ನೆನೆಸಿಕೊಳ್ಳಿ. ಅಲ್ಲಿ ಗಿಡಕ್ಕೆ ಗಾಬರಿ ಇಲ್ಲ. ಎಸಿಸಿ ಜಾಸ್ತಿ ಇಲ್ಲ. ಆ ಕಿಣ್ವಕ್ಕೆ ಮಾಡಲು ಹೆಚ್ಚಿನ ಕೆಲಸವೇ ಇಲ್ಲ. ಅಲ್ಲಿ ಇಳುವರಿ ಏರಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಇನ್ನೊಂದು ನೆರವು ಕಣ್ಣಿಗೇ ಕಾಣುತ್ತದೆ. ಒಣ ಮಣ್ಣಿನಿಂದ ಗೋಧಿಯ ಗಿಡವನ್ನು ಮೆಲ್ಲಗೆ ಕಿತ್ತರೆ ಬೇರಿಗೆ ಮಣ್ಣು ಅಂಗಿಯ ತೋಳಿನ ಹಾಗೆ ಸುತ್ತಿಕೊಂಡಿರುತ್ತದೆ. ಕೊಡವಿದರೂ ಉದುರುವುದಿಲ್ಲ. ಬೇರಿನ ಕೂದಲು ಮತ್ತು ಬೇರು ಬಿಡುವ ಲೋಳೆಯ ಜೊತೆಗೆ ಬ್ಯಾಕ್ಟೀರಿಯಾಗಳು ಹೊರಹಾಕುವ ಅಂಟೂ ಇದರಲ್ಲಿ ಸೇರಿದೆ. ಆ ಅಂಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿಗೂ ಬೇರಿಗೂ ನಡುವೆ ಸಂದು ಬೀಳದಂತೆ ನೋಡಿಕೊಳ್ಳುತ್ತದೆ. ಉಪ್ಪಿನ ಮಣ್ಣಿನಲ್ಲಿ ಸೋಡಿಯಂ ಅನ್ನು ಹಿಡಿದುಕೊಂಡು, ಅದು ಬೇರಿನೊಳಗೆ ಹೋಗುವುದನ್ನು ಸ್ವಲ್ಪ ತಡೆಯುತ್ತದೆ. ಒಣಗಿದ ಹೊಲದಲ್ಲಿ ಗಿಡ ಕೀಳುವಾಗ ನಾನು ಮೊದಲು ನೋಡುವುದು ಈ ಮಣ್ಣಿನ ತೋಳನ್ನೇ.

ಇಂಥ ಬ್ಯಾಕ್ಟೀರಿಯಾಗಳನ್ನು ಎಲ್ಲಿ ಹುಡುಕಬೇಕು? ಕಷ್ಟ ಇರುವ ಕಡೆ. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ 'ಎವಲ್ಯೂಷನ್ ಕ್ಯಾನ್ಯನ್' ಎಂದು ಕರೆಯುವ ಒಂದು ಕಣಿವೆ ಇದೆ. ಅದರ ಎರಡು ಇಳಿಜಾರುಗಳ ನಡುವೆ ಇರುವುದು ಕೆಲವೇ ನೂರು ಮೀಟರ್. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲಿಗೆ ಕಾದು ಒಣಗಿರುತ್ತದೆ. ಎದುರಿನದು ತಂಪು, ಹಸಿರು. ಎರಡರಲ್ಲೂ ಕಾಡು ಬಾರ್ಲಿ ಬೆಳೆಯುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಕಡೆಯ ಬಾರ್ಲಿ ಬೇರುಗಳನ್ನು ಹೋಲಿಸಿದರು. ಎಸಿಸಿ ಒಡೆಯುವ, ಅಂಟಿನ ಪದರ ಕಟ್ಟುವ ಬ್ಯಾಕ್ಟೀರಿಯಾಗಳು ಒಣ ಇಳಿಜಾರಿನಲ್ಲೇ ಹೆಚ್ಚಾಗಿ ಸಿಕ್ಕವು. ಒಂದೇ ಬೆಟ್ಟ, ಒಂದೇ ಗಿಡ, ಎದುರುಬದುರು ಇಳಿಜಾರು. ಆದರೂ ಬೇರಿನ ಸಂಗಾತಿಗಳು ಬೇರೆ.

ಮೂರು ವರ್ಷದ ನಂತರ, 2014ರಲ್ಲಿ, ಅದೇ ದಾರಿಯಲ್ಲಿ ಸಾಗಿದ ಸ್ವೀಡನ್ನಿನ ಸಾಲ್ಮೆ ಟಿಮ್ಮಸ್ಕ್ ಮತ್ತು ಅವರ ಜೊತೆಗಾರರು ಕಠಿಣ ಪರಿಸರಗಳಿಂದ ತಂದ ಬ್ಯಾಕ್ಟೀರಿಯಾಗಳನ್ನು ಗೋಧಿಗೆ ಕೊಟ್ಟು, ತೀವ್ರವಾದ ನೀರಿನ ಕೊರತೆಗೆ ಒಡ್ಡಿದರು. ಬ್ಯಾಕ್ಟೀರಿಯಾ ಪಡೆದ ಗಿಡಗಳು ಬದುಕುಳಿದದ್ದು ಐದು ಪಟ್ಟಿನವರೆಗೂ ಹೆಚ್ಚು. ಗಿಡದ ತೂಕ 78 ಪ್ರತಿಶತದವರೆಗೂ ಹೆಚ್ಚು. ಇದು ಹೊಲದ ಫಲಿತಾಂಶ ಅಲ್ಲ, ಕಟ್ಟುನಿಟ್ಟಾಗಿ ನಿಯಂತ್ರಿಸಿದ ಪ್ರಯೋಗದ್ದು. ಆ ವ್ಯತ್ಯಾಸವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದೇ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ನೀರುಂಡ ಗೋಧಿಯಲ್ಲಿ ಮಾತ್ರ ನೋಡಿದ್ದರೆ ಈ ಗುಣ ನಮಗೆ ಗೊತ್ತಾಗುತ್ತಿತ್ತೇ?

ಹೊಲದ ಮಾತಿಗೆ ಬರೋಣ. ಅದಕ್ಕೆ ಬ್ರೆಜಿಲ್ ಕಡೆ ನೋಡಬೇಕು. ಜೋಹಾನಾ ಡೋಬರೈನರ್ ಅಲ್ಲಿ ಹುಲ್ಲು ಮತ್ತು ಧಾನ್ಯದ ಬೇರುಗಳಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಾ ಹೋದರು. ಅಂಥ ಬ್ಯಾಕ್ಟೀರಿಯಾಗಳ ಒಂದು ಕುಲಕ್ಕೆ 1978ರಲ್ಲಿ ಅಜೋಸ್ಪಿರಿಲಂ ಎಂದು ಹೆಸರು ಬಂತು. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ ಅನ್ನುವುದೇ ಆಗ ದೊಡ್ಡ ಆಸೆಯಾಗಿತ್ತು. ಮುಂದೆ ನೋಡಿದರೆ, ಧಾನ್ಯದ ಬೆಳೆಯಲ್ಲಿ ಅದರ ದೊಡ್ಡ ಕೊಡುಗೆ ಬೇರೆಯೇ. ಅದು ಬೇರು ಬೆಳೆಸುವ ಹಾರ್ಮೋನನ್ನು ತಯಾರಿಸುತ್ತದೆ. ಪಕ್ಕದ ಬೇರುಗಳು ಹೆಚ್ಚುತ್ತವೆ, ಬೇರಿನ ಕೂದಲು ಹೆಚ್ಚುತ್ತವೆ. ಗಿಡಕ್ಕೆ ಎಟುಕುವ ಮಣ್ಣೂ ನೀರೂ ಹೆಚ್ಚುತ್ತದೆ. ಮಳೆ ಹತ್ತು ದಿನ ತಡವಾದಾಗ ಬೆಲೆ ಬರುವುದು ಇಂಥ ಬೇರಿಗೇ.

ಅದೇ ದೇಶದ ಮಾರಿಯಾಂಜೆಲಾ ಹಂಗ್ರಿಯಾ ಮತ್ತು ಜೊತೆಗಾರರು 2010ರಲ್ಲಿ ತಮ್ಮ ಹೊಲದ ಪ್ರಯೋಗಗಳ ಲೆಕ್ಕ ಕೊಟ್ಟರು. ಆಯ್ದ ಅಜೋಸ್ಪಿರಿಲಂ ತಳಿಗಳಿಂದ ಮೆಕ್ಕೆಜೋಳದಲ್ಲಿ 24ರಿಂದ 30 ಪ್ರತಿಶತ, ಗೋಧಿಯಲ್ಲಿ 13ರಿಂದ 18 ಪ್ರತಿಶತ ಹೆಚ್ಚು ಇಳುವರಿ. ಆ ತಳಿಗಳಲ್ಲಿ ಕೆಲವು ಇವತ್ತು ಅಲ್ಲಿನ ರೈತರ ಕೈಯಲ್ಲಿವೆ. 2025ರ ವಿಶ್ವ ಆಹಾರ ಪ್ರಶಸ್ತಿ ಹಂಗ್ರಿಯಾ ಅವರಿಗೆ ಬಂದಾಗ ನನಗಾದ ಸಂತೋಷ ಹೇಳಲಾರೆ. ಗುರುವಿನಿಂದ ಶಿಷ್ಯರಿಗೆ, ಪ್ರಯೋಗಾಲಯದಿಂದ ಹೊಲಕ್ಕೆ, ದಶಕಗಳ ಕಾಲ ಬಿಡದೆ ನಡೆದ ಕೆಲಸ ಅದು. ಮೂರು ವರ್ಷಕ್ಕೆ ಒಮ್ಮೆ ಹಣ ನಿಲ್ಲಿಸಿ ಮತ್ತೆ ಶುರು ಮಾಡುವ ಪದ್ಧತಿಯಲ್ಲಿ ಇದು ಆಗುವಂಥದ್ದಲ್ಲ.

ಆದರೆ ಈ ಬ್ಯಾಕ್ಟೀರಿಯಾಗಳು ಎಲ್ಲ ಕಡೆ ಗೆದ್ದಿಲ್ಲ. ಅದನ್ನೂ ನಾನೇ ಹೇಳಬೇಕು. 1994ರಲ್ಲಿ ಓಕೋನ್ ಮತ್ತು ಲಬಾಂಡೆರಾ-ಗೊನ್ಸಾಲೆಸ್ ಅಜೋಸ್ಪಿರಿಲಂನ 20 ವರ್ಷಗಳ ಹೊಲದ ಪ್ರಯೋಗಗಳನ್ನು ಲೆಕ್ಕ ಹಾಕಿದರು. ನೂರಕ್ಕೆ 60ರಿಂದ 70 ಪ್ರಯೋಗಗಳಲ್ಲಿ ಇಳುವರಿ ಏರಿತ್ತು. ಏರಿದ ಕಡೆ ಅದು 5ರಿಂದ 30 ಪ್ರತಿಶತ. ಅಂದರೆ ಮೂರು ಹೊಲಗಳಲ್ಲಿ ಒಂದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಇದನ್ನು ಓದಿ ಕೆಲವರು "ನಂಬುವ ಹಾಗಿಲ್ಲ" ಅನ್ನುತ್ತಾರೆ. ನನಗೆ ಅನ್ನಿಸುವುದು ಬೇರೆ. ಆ ಮೂರನೇ ಹೊಲದಲ್ಲಿ ಏನಾಯಿತು ಅಂತ ಯಾಕೆ ಯಾರೂ ಸರಿಯಾಗಿ ಕೂತು ನೋಡಲಿಲ್ಲ? ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾಗಳು ಹೊಸಬರನ್ನು ಸೇರಿಸಲಿಲ್ಲವೇ? ಗೊಬ್ಬರ ಜಾಸ್ತಿಯಾಗಿ ಗಿಡಕ್ಕೆ ಇವುಗಳ ಅಗತ್ಯ ಬೀಳಲಿಲ್ಲವೇ? ಬೀಜಕ್ಕೆ ಹಚ್ಚಿದ ಶಿಲೀಂಧ್ರನಾಶಕ ಇವನ್ನೂ ಕೊಂದಿತೇ? ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಇರುತ್ತವೆ. ಅಲ್ಲಿಗೆ ಹೊಸದಾಗಿ ಬಂದದ್ದು ಜಾಗ ಹಿಡಿಯುವುದು ಸುಲಭ ಅಲ್ಲ. ಸೋತ ಪ್ರಯೋಗಗಳು ಪ್ರಕಟವಾಗದೆ ಕಪಾಟಿನಲ್ಲೇ ಉಳಿದರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ನೀವು ಕೊಡುವ ಹಣಕ್ಕೆ ಒಂದು ಷರತ್ತು ಸೇರಿಸಿ: ಸೋತರೂ ಬರೆಯಬೇಕು, ಮಣ್ಣಿನ ವಿವರದ ಸಮೇತ ಎಲ್ಲರಿಗೂ ಸಿಗುವ ಹಾಗೆ ಇಡಬೇಕು.

ಸೋಲಿಗೆ ಇನ್ನೊಂದು ಕಾರಣ ಇದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಒಬ್ಬ ರೈತರು ಜೈವಿಕ ಗೊಬ್ಬರದ ಒಂದು ಪ್ಯಾಕೆಟ್ ತಂದುಕೊಟ್ಟರು. "ಬಿತ್ತನೆಗೆ ಹಾಕಿದೆ, ಏನೂ ಆಗಲಿಲ್ಲ. ಏನಿದೆ ಇದರಲ್ಲಿ ನೋಡಿ ಹೇಳಮ್ಮ" ಅಂದರು. ಅವಧಿ ಇನ್ನೂ ಮುಗಿದಿರಲಿಲ್ಲ. ತಟ್ಟೆಗಳಲ್ಲಿ ಬೆಳೆಯಲು ಇಟ್ಟೆ. ಪ್ಯಾಕೆಟ್ ಮೇಲೆ ಹೆಸರಿದ್ದ ಬ್ಯಾಕ್ಟೀರಿಯಾ ಒಂದೂ ಬರಲಿಲ್ಲ. ಬೂಷ್ಟು ಬಂತು. ತಯಾರಾದ ದಿನ ಅದು ಜೀವಂತವಾಗಿಯೇ ಇದ್ದಿರಬಹುದು. ಲಾರಿಯ ಬಿಸಿಯಲ್ಲಿ, ಗೋದಾಮಿನ ತಗಡಿನ ಕೆಳಗೆ, ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ ಎಲ್ಲೋ ಸತ್ತಿತ್ತು. ಆ ರೈತರಿಗೆ ನಾನು ತಟ್ಟೆಗಳನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಏನೂ ಮಾತಾಡದೆ ಎದ್ದು ಹೋದರು. ಮತ್ತೆ ಇಂಥದ್ದನ್ನು ಅವರು ನಂಬುತ್ತಾರೆ ಅಂತ ನನಗೆ ಅನ್ನಿಸಲಿಲ್ಲ. ನಂಬಿ ಅಂತ ಹೇಳುವ ಧೈರ್ಯವೂ ನನಗಿರಲಿಲ್ಲ.

ಅಜೋಸ್ಪಿರಿಲಂ, ಸೂಡೊಮೊನಾಸ್ ಥರದ ಬ್ಯಾಕ್ಟೀರಿಯಾಗಳು ಬಿಸಿಗೆ ಬಾಳುವುದಿಲ್ಲ. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಮಾತ್ರ ಬೀಜಕದ, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ, ರೂಪಕ್ಕೆ ಹೋಗಿ ಬಹಳ ದಿನ ತಾಳುತ್ತದೆ. ಇದು ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಪರೀಕ್ಷೆ ಕಾರ್ಖಾನೆಯ ಬಾಗಿಲಲ್ಲೇ ನಿಂತರೆ ಪ್ರಯೋಜನ ಏನು? ಬೀಜಕ್ಕೆ ಹಚ್ಚುವ ದಿನ ಜೀವಂತ ಇರುವುದೆಷ್ಟು ಅನ್ನುವುದೇ ಲೆಕ್ಕಕ್ಕೆ ಬರಬೇಕು. ಅಂಗಡಿಗಳಿಂದಲೇ ಪ್ಯಾಕೆಟ್ ಎತ್ತಿ, ಎಣಿಸಿ, ಫಲಿತಾಂಶವನ್ನು ಹೆಸರಿನ ಸಮೇತ ಪ್ರಕಟಿಸುವ ನಿಯಮ ಮಾಡಿ. ಒಳ್ಳೆಯದನ್ನು ತಯಾರಿಸುವವರಿಗೆ ಇದರಿಂದ ನಷ್ಟ ಇಲ್ಲ. ಅವರೇ ಇದನ್ನು ಕೇಳಬೇಕು.

ಸುರಕ್ಷತೆಯಲ್ಲೂ ಅವಸರ ಬೇಡ. 'ಉಪಕಾರಿ' ಅನ್ನುವ ಪದ ಗಿಡಕ್ಕೆ ಸಂಬಂಧಿಸಿದ್ದು, ಮನುಷ್ಯರಿಗಲ್ಲ. ಬರ್ಖೋಲ್ಡೇರಿಯಾ ಸೆಪೇಸಿಯಾ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಬೇರಿಗೆ ಒಳ್ಳೆಯ ಸಂಗಾತಿಗಳು. ಅದೇ ಗುಂಪು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರ ಶ್ವಾಸಕೋಶದಲ್ಲಿ ಪ್ರಾಣಕ್ಕೇ ಅಪಾಯ ತರುವ ಸೋಂಕು ಮಾಡುತ್ತದೆ. ಹೊಲಕ್ಕೆ ಹೋಗುವ ಪ್ರತಿ ಬ್ಯಾಕ್ಟೀರಿಯಾ ತಳಿಯ ಗುರುತು ಅದರ ಕುಲದ ಹೆಸರಿನ ಮಟ್ಟದಲ್ಲಿ ನಿಲ್ಲದೆ, ಆ ತಳಿಯ ಪೂರ್ತಿ ಜೀನುಗಳ ಓದಿನವರೆಗೆ ಹೋಗಬೇಕು. ಇವತ್ತು ಅದು ಕಷ್ಟದ ಕೆಲಸ ಅಲ್ಲ.

ಬೀಜ ತಜ್ಞರನ್ನೂ ಈ ಮಾತಿಗೆ ಸೇರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ. ಯಾಕೆಂದರೆ ಇದರಲ್ಲಿ ಗಿಡದ ಪಾಲೂ ಇದೆ. ಜೋಳದ ಮೇಲೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೀರು ನಿಲ್ಲಿಸಿದಾಗ ಬೇರಿನ ಬ್ಯಾಕ್ಟೀರಿಯಾಗಳ ಸಮುದಾಯವೇ ಬದಲಾಯಿತು. ಆಕ್ಟಿನೋಬ್ಯಾಕ್ಟೀರಿಯಾ ಎಂಬ ಗುಂಪಿನ, ದಪ್ಪ ಕೋಶಗೋಡೆಯ ಬ್ಯಾಕ್ಟೀರಿಯಾಗಳು ಮುಂದೆ ಬಂದವು. ನೀರು ಕೊಟ್ಟ ಕೂಡಲೇ ಸಮುದಾಯ ಹಳೆಯ ರೂಪಕ್ಕೆ ಮರಳಿತು. ಬರ ಬಂದಾಗ ಬೇರಿನ ಸುತ್ತಲಿನ ಜಗತ್ತೇ ಬೇರೆಯಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅದೇ ವರ್ಷ ಮೆಕ್ಸಿಕೋದ ಸಿಯೆರಾ ಮಿಹೆ ಪ್ರದೇಶದ ಮೆಕ್ಕೆಜೋಳದ ಸುದ್ದಿಯೂ ಬಂತು. ನೆಲದ ಮೇಲಿನ ಅದರ ಬೇರುಗಳಿಂದ ದಪ್ಪನೆಯ ಲೋಳೆ ಸುರಿಯುತ್ತದೆ. ಆ ಲೋಳೆಯಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳು ಬಾಳುತ್ತವೆ. ಗಿಡಕ್ಕೆ ಬೇಕಾದ ಸಾರಜನಕದಲ್ಲಿ 29ರಿಂದ 82 ಪ್ರತಿಶತ ಗಾಳಿಯಿಂದಲೇ ಬರುತ್ತಿತ್ತು ಎಂದು ಅಳೆದರು. ಅಲ್ಲಿನ ಮೂಲ ನಿವಾಸಿ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ತಳಿ ಅದು. ಅದರ ಲಾಭದಲ್ಲಿ ಅವರಿಗೆ ಪಾಲು ಸಿಗಲೇಬೇಕು.

ನಾವು ಹೊಸ ತಳಿಗಳನ್ನು ಆರಿಸುವಾಗ ತೆನೆ ನೋಡುತ್ತೇವೆ, ಎತ್ತರ ನೋಡುತ್ತೇವೆ, ರೋಗ ನೋಡುತ್ತೇವೆ. ಈ ಬೇರು ಯಾರನ್ನು ಹತ್ತಿರ ಕರೆಯುತ್ತದೆ ಅಂತ ನೋಡುವುದು ತೀರಾ ಅಪರೂಪ. ಗೊಬ್ಬರ, ನೀರು ಧಾರಾಳವಾಗಿರುವ ಹೊಲದಲ್ಲೇ ಆಯ್ಕೆ ನಡೆದರೆ, ಸಂಗಾತಿಗಳನ್ನು ಕರೆಯುವ ಗುಣ ಯಾರಿಗೂ ತಿಳಿಯದ ಹಾಗೆ ಕಳೆದುಹೋಗಬಹುದು. ಇದು ನನ್ನ ದೊಡ್ಡ ಆತಂಕ.

ಮಣ್ಣಿಗೂ ಸಮಯ ಬೇಕು. ಗೋಧಿಯ ಬೇರನ್ನು ಕಪ್ಪಾಗಿಸುವ ಟೇಕ್-ಆಲ್ ಎಂಬ ಶಿಲೀಂಧ್ರ ರೋಗ ಇದೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿ ಹಾಕಿದರೆ ರೋಗ ಏರುತ್ತಾ ಹೋಗಿ, ಒಂದು ಹಂತದ ನಂತರ ತಾನಾಗಿ ಇಳಿಯುತ್ತದೆ. ಅಮೆರಿಕದ ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮೊದಲಾದವರು ಇದರ ಬೆನ್ನು ಹತ್ತಿದರು. ಆ ಮಣ್ಣಿನಲ್ಲಿ ಶಿಲೀಂಧ್ರವನ್ನು ತಡೆಯುವ ರಾಸಾಯನಿಕ ತಯಾರಿಸುವ ಸೂಡೊಮೊನಾಸ್ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡಿದ್ದವು. ಯಾರೂ ಪ್ಯಾಕೆಟ್ ಹಾಕಿರಲಿಲ್ಲ. ಬೇರುಗಳೇ ವರ್ಷಗಟ್ಟಲೆ ಅವನ್ನು ಸಾಕಿದ್ದವು. ಒಂದೇ ಹಂಗಾಮಿನ ಪ್ರಯೋಗದಲ್ಲಿ ಇದು ಕಾಣುವುದಿಲ್ಲ. ಒಂದೇ ಜಾಗದಲ್ಲಿ ಹತ್ತು ವರ್ಷ ಕೂತು ನೋಡುವವರಿಗೆ ಕಾಣುತ್ತದೆ. ಅಂಥವರಿಗೆ ಸಂಬಳ ಕೊಡಿ.

ಬ್ಯಾಕ್ಟೀರಿಯಾ ನೀರಿನ ಬದಲಿಗೆ ಬರುವ ವಸ್ತು ಅಲ್ಲ ಅನ್ನುವುದನ್ನೂ ನೆನಪಿಡೋಣ. ಮಳೆಯೇ ಬಾರದ ಹೊಲದಲ್ಲಿ ಯಾವ ಬ್ಯಾಕ್ಟೀರಿಯಾವೂ ತೆನೆ ತರಲಾರದು. ಅದು ಕೊಡುವುದು ಕೆಲವು ದಿನಗಳ ತಾಳ್ಮೆ. ಆದರೆ ಹೂ ಬಿಡುವ ಹೊತ್ತಿನಲ್ಲಿ ಆ ಕೆಲವು ದಿನಗಳೇ ಕಾಳಿಗೂ ಜೊಳ್ಳಿಗೂ ಇರುವ ಅಂತರ. ಭತ್ತ, ಗೋಧಿ, ಮೆಕ್ಕೆಜೋಳ ಈ ಮೂರೇ ಬೆಳೆಗಳ ಮೇಲೆ ಪ್ರಪಂಚದ ಊಟದ ದೊಡ್ಡ ಪಾಲು ನಿಂತಿದೆ. ಬಿಸಿ ಏರುತ್ತಿರುವ ಈ ಕಾಲದಲ್ಲಿ ಆ ಕೆಲವು ದಿನಗಳನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ.

ಸರಾಸರಿ ಇಳುವರಿಯ ಜೊತೆಗೆ ಇನ್ನೊಂದು ಅಂಕಣ ನಿಮ್ಮ ವರದಿಗಳಲ್ಲಿ ಇರಲಿ. ಕೆಟ್ಟ ವರ್ಷದಲ್ಲಿ ಎಷ್ಟು ಉಳಿಯಿತು ಅನ್ನುವುದು. ಒಳ್ಳೆಯ ವರ್ಷದಲ್ಲಿ ಎರಡು ಮೂಟೆ ಜಾಸ್ತಿ ಬರುವುದಕ್ಕೂ, ಕೆಟ್ಟ ವರ್ಷದಲ್ಲಿ ಮುಂದಿನ ಬಿತ್ತನೆಗೆ ಬೀಜ ಉಳಿಯುವುದಕ್ಕೂ ರೈತನ ಮನೆಯಲ್ಲಿ ಒಂದೇ ಬೆಲೆ ಇಲ್ಲ. ಸರಾಸರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮುಂದಿನ ಹಂಗಾಮಿನ ಪ್ರಯೋಗಗಳ ಪಟ್ಟಿ ನಿಮ್ಮ ಮೇಜಿಗೆ ಬರುತ್ತದೆ. ಅದರಲ್ಲಿ ನೀರಾವರಿ ಹೊಲಗಳ ಜೊತೆಗೆ ಮಳೆಯನ್ನೇ ನಂಬಿದ ಹೊಲ ಇದೆಯಾ, ಉಪ್ಪು ಏರಿದ ಹೊಲ ಇದೆಯಾ, ಗೊಬ್ಬರ ಅರ್ಧಕ್ಕೆ ಇಳಿಸಿದ ಸಾಲುಗಳಿವೆಯಾ ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮುಂಚೆ ಸೇರಿಸಿ. ಬೇರು ತೊಳೆದು, ಎಣಿಸಿ, ಬಂದದ್ದನ್ನು ಬಂದ ಹಾಗೆ ಬರೆದು ಕಳಿಸುವ ಕೆಲಸ ನಮ್ಮದು.

ಇಂತಿ ನಮಸ್ಕಾರಗಳೊಂದಿಗೆ,
ಮಣ್ಣಿನ ಬ್ಯಾಕ್ಟೀರಿಯಾಗಳ ಜೊತೆ ಕೆಲಸ ಮಾಡುವ ಒಬ್ಬಳು